ಮಲೆನಾಡ ಮಳೆಗೆ ನಿಲ್ಲುವ ಡಬ್ಬ ಯಾವುದು?

ಸಾಗರದ ಪೇಟೆಯಲ್ಲಿ ಮರದ ವಿಷಯ ಎತ್ತಿದರೆ ಮಾತು ಗುಡಿಗಾರರ ಗಂಧದ ಕೆತ್ತನೆಯ ಕಡೆಗೇ ಹೊರಳುತ್ತದೆ. ನಾನು ಹುಡುಕಿಕೊಂಡು ಹೋದದ್ದು ಅಷ್ಟು ನಾಜೂಕಿನ ಸರಕನ್ನಲ್ಲ. ಗೇಟು, ಅಂಗಳದ ಬೆಂಚು, ಹೋಮ್‌ಸ್ಟೇಯವರು ಈಚೆಗೆ ಹಾಕಿಸುತ್ತಿರುವ ಮರದ ಡೆಕ್ಕು, ಹೀಗೆ ಬಿಸಿಲು ಮಳೆ ಎರಡನ್ನೂ ಮೈಮೇಲೆ ಹಾಕಿಕೊಳ್ಳುವ ಮರಕ್ಕೆ ಬಳಿಯುವ ಸ್ಟೇನ್ ನನಗೆ ಬೇಕಿತ್ತು. ಫೆಬ್ರುವರಿ ಅದಕ್ಕೆ ಸರಿಯಾದ ತಿಂಗಳು. ಅಡಕೆ ಕೊಯ್ಲು ಮುಗಿದಿರುತ್ತದೆ, ಮರವೂ ಒಣಗಿರುತ್ತದೆ. ಮೇ ತಿಂಗಳಲ್ಲಿ ಎಚ್ಚೆತ್ತವರಿಗೆ ಮೋಡ ಕಾಯುವುದಿಲ್ಲ.

ಬಿ.ಎಚ್. ರಸ್ತೆಯ ಬಣ್ಣದಂಗಡಿಯೊಂದನ್ನು ಹೊಕ್ಕು 'ಮರದ ಸ್ಟೇನ್' ಎಂದರೆ ಮೊದಲು ಮೇಜಿನ ಮೇಲೆ ಬರುವುದು ಸಣ್ಣ ಡಬ್ಬಗಳು: ವಾಲ್ನಟ್, ಟೀಕ್, ಮಹಾಗನಿ, ರೋಸ್‌ವುಡ್. ಇವು ಬರೀ ಬಣ್ಣ. ಥಿನ್ನರ್ ಬೆರೆಸಿ ಬಟ್ಟೆಯಲ್ಲಿ ಒರೆಸಿ, ಮೇಲೆ ಮೆಲಮೈನ್ ಅಥವಾ ಪಿಯು ಹೊಡೆಯುವುದಕ್ಕೆ ಮಾಡಿದವು. ಒಳಗಿನ ಕಪಾಟಿಗೆ, ಮಂಚಕ್ಕೆ ಸರಿ. ಮರವನ್ನು ಕಾಪಾಡುವ ಶಕ್ತಿ ಇವಕ್ಕಿಲ್ಲ. ಗೇಟಿಗೆ ಬಳಿದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣವೂ ಇಲ್ಲ, ದುಡ್ಡೂ ಇಲ್ಲ. 'ಹೊರಗಡೆಗೆ, ಮಳೆ ಬೀಳುವ ಜಾಗಕ್ಕೆ' ಎಂದು ಬಿಡಿಸಿ ಹೇಳಿದ ಮೇಲೆಯೇ ಮೇಲಿನ ಹಲಗೆಯ ಡಬ್ಬಗಳು ಕೆಳಗಿಳಿದವು.

ಅವುಗಳಲ್ಲೂ ಎರಡು ಜಾತಿ. ಮರದ ಮೇಲೆ ಪೊರೆ ಕಟ್ಟುವ ಎಕ್ಸ್‌ಟೀರಿಯರ್ ಪಿಯು ಒಂದು. ಮರದೊಳಕ್ಕೆ ಇಳಿಯುವ, ಎಣ್ಣೆಯದೋ ನೀರಿನದೋ ಆದ ಸ್ಟೇನ್ ಇನ್ನೊಂದು. ಅಂಗಡಿಯವರ ಕೈ ಪಿಯು ಕಡೆಗೇ ಹೋಯಿತು. "ಕನ್ನಡಿ ಥರ ಹೊಳಪು ಬರ್ತದೆ ನೋಡಿ."

"ಬರೋದು ಸರಿ. ಹಾಳಾಗುವಾಗ ಹೇಗೆ ಹಾಳಾಗ್ತದೆ?"

ಅವರು ನಕ್ಕರು. "ಹಾಗೆ ಕೇಳಿದ್ರೆ ಹೇಳ್ಲೇಬೇಕಲ್ಲ ಮಾರಾಯ್ರೆ. ಇದು ಸಿಪ್ಪೆ ಏಳ್ತದೆ, ಅದು ಮಾಸ್ತದೆ."

ಡಬ್ಬ ಆರಿಸುವವರು ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ ಎಂದು ನನ್ನ ಎಣಿಕೆ. ಮರ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಮೇಲಿನ ಪೊರೆ ಎಷ್ಟೇ ಗಟ್ಟಿಯಿರಲಿ, ಕೀಲಿನಲ್ಲಿ, ಮೊಳೆಯ ಬುಡದಲ್ಲಿ ಎಂದಾದರೂ ಬಿರುಕು ಬಿಡುತ್ತದೆ. ಅಲ್ಲಿ ಒಳಹೊಕ್ಕ ನೀರಿಗೆ ಹೊರಬರಲು ದಾರಿ ಸಿಗದೆ, ಹೊಳೆಯುವ ಪದರದ ಕೆಳಗೇ ಮರ ಕಪ್ಪಾಗುತ್ತದೆ. ಮತ್ತೆ ಬಳಿಯಬೇಕೆಂದರೆ ಹಳೆಯದನ್ನೆಲ್ಲ ಕೆರೆದು ತೆಗೆಯಬೇಕು. ಆ ಕೂಲಿ ಡಬ್ಬದ ಬೆಲೆಯನ್ನೂ ಮೀರುತ್ತದೆ. ಒಳಗಿಳಿದ ಸ್ಟೇನ್ ಮೆಲ್ಲಗೆ ಮಾಸುತ್ತದೆ, ಅಷ್ಟೇ. ಎರಡು ಮೂರು ವರ್ಷಕ್ಕೊಮ್ಮೆ ತೊಳೆದು, ಒಣಗಿಸಿ, ಉಪ್ಪುಕಾಗದದಲ್ಲಿ ಹಗುರಾಗಿ ಉಜ್ಜಿ ಇನ್ನೊಂದು ಕೈ ಕೊಟ್ಟರಾಯಿತು. ಸೂರಿನಡಿಯ ಮುಂಬಾಗಿಲಿಗೆ ಪಿಯು ಹೊಡೆಸಿ, ಅಡ್ಡಿಯಿಲ್ಲ. ಡೆಕ್ಕಿಗೆ ಬೇಡ.

ಇನ್ನು ಬಣ್ಣ. ಮರದ ಸಹಜ ಚೆಲುವು ಕಾಣಲೆಂದು ಪೂರ್ತಿ ಪಾರದರ್ಶಕವಾದದ್ದನ್ನು ಕೇಳುವವರೇ ಹೆಚ್ಚಂತೆ. ಬಿಸಿಲಿನ ಅತಿನೇರಳೆ ಕಿರಣ ಮರದ ನಾರನ್ನು ಬೆಸೆದಿರುವ ಲಿಗ್ನಿನ್ ಎಂಬ ಅಂಶವನ್ನು ಒಡೆಯುತ್ತದೆ, ಒಡೆದದ್ದನ್ನು ಮಳೆ ತೊಳೆದೊಯ್ಯುತ್ತದೆ. ಹಳೆಯ ಬೇಲಿಗೂಟ ಬೂದಿಬಣ್ಣಕ್ಕೆ ತಿರುಗುವುದು ಹೀಗೆ. ಆ ಕಿರಣವನ್ನು ತಡೆಯುವುದು ಮುಖ್ಯವಾಗಿ ಸ್ಟೇನಿನಲ್ಲಿರುವ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿ. ನಮ್ಮ ಕೆಮ್ಮಣ್ಣಿಗೆ ಕೆಂಪು ಕೊಡುವುದೂ ಕಬ್ಬಿಣದ ಆಕ್ಸೈಡೇ. ಹಾಗಾಗಿ ಮರದ ಗೆರೆ ಕಾಣುವಷ್ಟು ತಿಳಿಯಾಗಿದ್ದೂ ಕಂದು, ಕೆಂಗಂದು ಛಾಯೆ ಇರುವುದನ್ನು ಆರಿಸಿದರೆ ಬಾಳಿಕೆ ಹೆಚ್ಚು. ಶೇಡ್ ಕಾರ್ಡನ್ನು ನೆಚ್ಚಿಕೊಳ್ಳಬೇಡಿ. ಅದೇ ಬಣ್ಣ ಸಾಗುವಾನಿಯ ಮೇಲೆ ಒಂದು ಥರ, ಅಕೇಶಿಯದ ಮೇಲೆ ಇನ್ನೊಂದು ಥರ. ನಿಮ್ಮ ಮರದ್ದೇ ತುಂಡೊಂದನ್ನು ಚೀಲದಲ್ಲಿ ಒಯ್ದು ಅಲ್ಲೇ ಬಳಿದು ನೋಡುವುದು ಲೇಸು.

ಮಲೆನಾಡಿಗೆ ಬೇಕಾದ ಇನ್ನೊಂದು ಗುಣ ಬೂಷ್ಟು ತಡೆಯುವ ಔಷಧ. ಡಬ್ಬದ ಮೇಲೆ ಫಂಗಸ್ ನಿರೋಧಕ ಎಂದು ಬರೆದಿದೆಯೇ ನೋಡಿ. ಬರೀ ಅಗಸೆ ಎಣ್ಣೆ ಅಗ್ಗವೇನೋ ಹೌದು, ಆದರೆ ಬೂಷ್ಟಿಗೆ ಅದೇ ಊಟ. ಪಕ್ಕಾಸಿಗೆ ಗೇರೆಣ್ಣೆ ಬಳಿಯುತ್ತಿದ್ದ ಹಳಬರ ಕ್ರಮ ಗಟ್ಟಿಯೇ. ಆದರೆ ಅದು ಕಪ್ಪಗೆ, ಮೈಗೆ ತಾಗಿದರೆ ಬೊಬ್ಬೆ. ಕೂರುವ ಬೆಂಚಿಗೆ ಯಾರೂ ಬಳಿಯಲಾರರು.

ಇಕ್ಕೇರಿ ಕಡೆಯ ಹೋಮ್‌ಸ್ಟೇಯೊಂದರ ಡೆಕ್ಕಿನಲ್ಲಿ ಈ ಪಾಠವೆಲ್ಲ ಕಣ್ಣಿಗೇ ಕಂಡಿತು. ಮೂಡಣ ಬದಿಯ ಹಲಗೆ ಇನ್ನೂ ಹೊಸತರಂತಿತ್ತು. ಗಾಳಿಮಳೆ ಬಡಿಯುವ ಪಡುವಣ ಬದಿ ಬೂದಿ ಬಣ್ಣಕ್ಕೆ ತಿರುಗಿತ್ತು. ಹಳೆಯ ಮನೆಗಳಲ್ಲಿ ಆ ದಿಕ್ಕಿಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಸೂರೂ ಉದ್ದಕ್ಕೆ ಚಾಚಿರುತ್ತಿತ್ತು. ಡೆಕ್ಕಿಗೆ ಆ ಭಾಗ್ಯವಿಲ್ಲ. ಹಲಗೆಯ ಕೊಯ್ದ ತುದಿಗಳು ಎಲ್ಲಕ್ಕಿಂತ ಮೊದಲು ಕಪ್ಪಾಗಿದ್ದವು, ಏಕೆಂದರೆ ಮರ ಹೆಚ್ಚು ನೀರು ಕುಡಿಯುವುದು ಅಲ್ಲಿಂದಲೇ. ತುದಿಗೆ ಎರಡು ಮೂರು ಸಲ ಸ್ಟೇನ್ ಕುಡಿಸಬೇಕು. ನೆಲದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದೆ. ಮೂಡಣ ಬದಿಯಲ್ಲಿ ಹನಿ ಹಾಗೇ ನಿಂತಿತು. ಪಡುವಣ ಬದಿಯಲ್ಲಿ ಕ್ಷಣದಲ್ಲಿ ಇಂಗಿತು. ಇಂಗಿದ ಕಡೆ ಮತ್ತೆ ಬಳಿಯುವ ಹೊತ್ತು ಬಂದಿದೆ ಎಂದು ಲೆಕ್ಕ.

ಕೊಳ್ಳುವಾಗ ತಯಾರಿಕೆಯ ತಿಂಗಳು ನೋಡಿ, ಬೇಕಾದಷ್ಟನ್ನೂ ಒಂದೇ ಬ್ಯಾಚಿನಲ್ಲಿ ತೆಗೆದುಕೊಳ್ಳಿ. ನಯ ಮಾಡಿದ ಹಲಗೆಯಾದರೆ ಲೀಟರಿಗೆ ಒಂದು ಕೈ ಸುಮಾರು 100 ಚದರ ಅಡಿ. ಒರಟು ಮರ ಹೆಚ್ಚು ಕುಡಿಯುತ್ತದೆ. ಬಣ್ಣದ ಪುಡಿ ತಳಕ್ಕೆ ಕೂತಿರುತ್ತದೆ, ಬಳಿಯುವಾಗ ಆಗಾಗ ಕಲಕುತ್ತಿರಬೇಕು. ಸಾಗುವಾನಿಯಲ್ಲಿ ಎಣ್ಣೆಯಂಶ ಜಾಸ್ತಿ, ಮೊದಲು ಥಿನ್ನರ್ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಎಣ್ಣೆಯ ಸ್ಟೇನಾದರೆ ಮರ ಕುಡಿಯದೆ ಉಳಿದದ್ದನ್ನು ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ಅಂಟಂಟಾಗಿಯೇ ಉಳಿಯುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವುದು ಅಪಾಯ: ಎಣ್ಣೆ ಒಣಗುವಾಗ ಹುಟ್ಟುವ ಕಾವು ಒಳಗೇ ಕೂಡಿ ಕಡ್ಡಿ ಗೀರದೆಯೂ ಬೆಂಕಿ ಹತ್ತಬಹುದು. ನೀರಿನಲ್ಲಿ ಅದ್ದಿ, ಬಯಲಲ್ಲಿ ಬಿಡಿಸಿ ಹರವಿ.