ನೀರು ಮೆದುವಾಯಿತು, ಕುಡಿಯಲು ಯೋಗ್ಯವಾಯಿತೇ?

ಶ್ರೀನಿವಾಸಪುರದ ಕಡೆಯಿಂದ ನನ್ನಲ್ಲಿಗೆ ಬರುವ ಹಿರಿಯರೊಬ್ಬರ ರಕ್ತದೊತ್ತಡ ಹಲವು ವರ್ಷಗಳಿಂದ ಹತೋಟಿಯಲ್ಲಿತ್ತು. ಕಳೆದ ಬೇಸಿಗೆಯಲ್ಲಿ ಮಾತ್ರೆ ತಪ್ಪಿಸದಿದ್ದರೂ ಅದು ಏರತೊಡಗಿತು. ಊಟದಲ್ಲಿ ಉಪ್ಪು ಕಡಿಮೆ, ಉಪ್ಪಿನಕಾಯಿ ಮುಟ್ಟುವುದಿಲ್ಲ ಎಂದರು. ಜೊತೆಗೆ ಬಂದಿದ್ದ ಸೊಸೆ, “ಡಾಕ್ಟ್ರೇ, ಮನೆಗೆ ಸಾಫ್ಟ್‌ನರ್ ಹಾಕಿಸಿದೀವಿ. ಬೇಳೆ ಚೆನ್ನಾಗಿ ಬೇಯುತ್ತೆ. ಕುಡಿಯೋಕೂ ಅದೇ ನೀರು” ಎಂದರು. ನೀರೊಂದೇ ಕಾರಣವೆಂದು ಹೇಳಲಾರೆ. ಆದರೆ ಕುಡಿಯುವ ನೀರನ್ನು ಬದಲಿಸಿ, ಔಷಧಿಯನ್ನೂ ಸರಿಹೊಂದಿಸಿದ ಮೇಲೆ ಒತ್ತಡ ಮತ್ತೆ ಹತೋಟಿಗೆ ಬಂದಿತು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳೇ ಬಹಳ ಮನೆಗಳಿಗೆ ಆಧಾರ. ಬಂಡೆಗಳ ಸಂದಿಯಲ್ಲಿ ದೀರ್ಘಕಾಲ ನಿಂತ ನೀರು ಎರಡು ವಸ್ತುಗಳನ್ನು ಹೊತ್ತು ತರಬಲ್ಲದು. ಒಂದು ಗಡಸುತನ, ಇನ್ನೊಂದು ಫ್ಲೋರೈಡ್. ಇವೆರಡನ್ನೂ ಒಂದೇ ಎಂದು ತಿಳಿಯುವುದರಲ್ಲಿಯೇ ಅಪಾಯವಿದೆ.

ಸಾಫ್ಟ್‌ನರ್ ಮಾಡುವುದೇನು?

ನೀರು ಗಡಸಾಗಲು ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಕಾರಣ. ಸಾಬೂನು ನೊರೆ ಬಾರದಿರುವುದು, ಗೀಸರಿನಲ್ಲಿ ಬಿಳಿ ಹಿಟ್ಟು ಕಟ್ಟುವುದು, ನಲ್ಲಿಯ ಬಾಯಿ ಮುಚ್ಚಿಕೊಳ್ಳುವುದು ಇವುಗಳಿಂದಲೇ. ಸಾಫ್ಟ್‌ನರಿನ ಒಳಗೆ ಸಾಸಿವೆಗಿಂತ ಚಿಕ್ಕದಾದ ರೆಸಿನ್ ಮಣಿಗಳಿರುತ್ತವೆ. ಅವು ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳಲ್ಲಿನ ಸೋಡಿಯಂ ತೀರಿದಾಗ ಉಪ್ಪುನೀರು ಹಾಯಿಸಿ ಅವುಗಳನ್ನು ಮತ್ತೆ ಸಜ್ಜುಗೊಳಿಸಬೇಕು.

ಈ ಕೊಡು-ಕೊಳ್ಳುವಿಕೆಗೆ ಲೆಕ್ಕವುಂಟು. ಲೀಟರಿಗೆ 100 ಮಿ.ಗ್ರಾಂ ಗಡಸುತನ ತೆಗೆದರೆ ಸುಮಾರು 46 ಮಿ.ಗ್ರಾಂ ಸೋಡಿಯಂ ಸೇರುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಗಡಸುತನ 200 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದಲ್ಲಿ 600ರವರೆಗೆ ಅನುಮತಿಯಿದೆ. ಈ 600ರ ನೀರನ್ನು ಪೂರ್ತಿ ಮೆದುಗೊಳಿಸಿ ದಿನಕ್ಕೆ 3 ಲೀಟರ್ ಕುಡಿದರೆ ಸುಮಾರು 2 ಗ್ರಾಂ ಅಡುಗೆ ಉಪ್ಪು ತಿಂದಷ್ಟು ಸೋಡಿಯಂ ದೇಹಕ್ಕೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು ಮಾತ್ರ. ಆರೋಗ್ಯವಂತರು ಇದನ್ನು ತಾಳಿಕೊಂಡಾರು. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿರುವವರು ಈ ನೀರನ್ನು ಕುಡಿಯದಿರುವುದೇ ಲೇಸು. ಹಸುಗೂಸಿನ ಹಾಲಿನ ಪುಡಿಯನ್ನೂ ಇದರಲ್ಲಿ ಕಲಸಬಾರದು.

ಹೋಗದೆ ಉಳಿಯುವ ಫ್ಲೋರೈಡ್

ಇದಕ್ಕಿಂತ ಮುಖ್ಯವಾದ ಸಂಗತಿ, ಸಾಮಾನ್ಯ ಸಾಫ್ಟ್‌ನರ್ ಫ್ಲೋರೈಡನ್ನು ತೆಗೆಯುವುದಿಲ್ಲ. ನೀರನ್ನು ಕುದಿಸಿದರೂ ಅದು ಹೋಗದು; ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ರುಚಿ, ವಾಸನೆಗಳಿಂದ ಪತ್ತೆಯಾಗದು. ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಬಾರದು.

ಹೆಚ್ಚು ಫ್ಲೋರೈಡ್ ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಬಿಳಿ ಅಥವಾ ಕಂದು ಪಟ್ಟೆ ಕಾಣಿಸಿಕೊಳ್ಳುತ್ತದೆ. ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಎಂಟು ವರ್ಷದೊಳಗಿನ ಅವಧಿಯಲ್ಲಿ ಆಗುವ ಈ ಹಾನಿ ಉಜ್ಜಿದರೆ ಹೋಗುವಂಥದ್ದಲ್ಲ. ಹಲವು ವರ್ಷ ಮುಂದುವರಿದರೆ ಕತ್ತು, ಬೆನ್ನು, ಮಂಡಿಗಳಲ್ಲಿ ನೋವು ಮತ್ತು ಬಿಗಿತ ಬರುತ್ತದೆ. ಇದನ್ನು ವಾಯುವೆಂದೋ ವಯಸ್ಸೆಂದೋ ತಿಳಿದು ನೋವಿನ ಮಾತ್ರೆ ನುಂಗುತ್ತಾ ಕೂರುವವರುಂಟು.

ಆದ್ದರಿಂದ ಯಂತ್ರ ಕೊಳ್ಳುವ ಮೊದಲೇ ಪ್ರಯೋಗಾಲಯದಲ್ಲಿ ನೀರಿನ ಗಡಸುತನ, ಫ್ಲೋರೈಡ್ ಎರಡನ್ನೂ ಪರೀಕ್ಷಿಸಿರಿ. ಟಿ.ಡಿ.ಎಸ್. ಮೀಟರನ್ನು ಮಾತ್ರ ನಂಬಬೇಡಿರಿ. ಅದು ಫ್ಲೋರೈಡನ್ನು ಬೇರೆಯಾಗಿ ತೋರಿಸದು. ಸಾಫ್ಟ್‌ನರಿನಿಂದ ಅದರ ಅಂಕಿ ಇಳಿಯುವುದೂ ಇಲ್ಲ. ಸ್ನಾನ, ಬಟ್ಟೆ, ಗೀಸರುಗಳಿಗೆ ಸಾಫ್ಟ್‌ನರ್ ನೀರು ಇರಲಿ. ಕುಡಿಯಲು ಮತ್ತು ಅಡುಗೆಗೆ ಸುಸ್ಥಿತಿಯಲ್ಲಿರುವ ಆರ್.ಓ. ನೀರು ಅಥವಾ ಸಂಗ್ರಹಿಸಿ, ಸೋಸಿ, ಕುದಿಸಿದ ಮಳೆನೀರು ಬಳಸಬಹುದು. ಆರ್.ಓ. ಯಂತ್ರದ ಪೊರೆ ಹಳೆಯದಾದರೆ ಫ್ಲೋರೈಡ್ ನುಸುಳುವುದರಿಂದ ವರ್ಷಕ್ಕೊಮ್ಮೆ ಆ ನೀರನ್ನೂ ಪರೀಕ್ಷಿಸಬೇಕು.

ಯಂತ್ರದ ಆರೈಕೆ

1. ಉಪ್ಪಿನ ತೊಟ್ಟಿಯನ್ನು ವಾರಕ್ಕೊಮ್ಮೆ ನೋಡಿರಿ. ಅಯೋಡಿನ್ ಬೆರೆಸಿದ ಪುಡಿ ಉಪ್ಪು ಬೇಡ, ಅದು ಗಟ್ಟಿಯಾಗುತ್ತದೆ. ಕಸವಿಲ್ಲದ ಹರಳುಪ್ಪು ಅಥವಾ ತಯಾರಕರು ಹೇಳಿದ ಉಪ್ಪು ಹಾಕಿರಿ. ಮೇಲೆ ಹೆಪ್ಪುಗಟ್ಟಿ ಕೆಳಗೆ ಟೊಳ್ಳಾಗಿದ್ದರೆ ಮರದ ಕೋಲಿನಿಂದ ಮೆಲ್ಲಗೆ ಒಡೆಯಿರಿ.

2. ಉಪ್ಪುನೀರು ಹಾಯಿಸಿದ ಮೇಲೆ ಶುದ್ಧ ನೀರು ಬಿಟ್ಟು ಚೆನ್ನಾಗಿ ತೊಳೆಯಬೇಕು. ಹೊರಬರುವ ನೀರು ಉಪ್ಪುಪ್ಪಾಗಿದ್ದರೆ ತೊಳೆದದ್ದು ಸಾಲದು.

3. ತಿಂಗಳಿಗೊಮ್ಮೆ ಮನೆಯಲ್ಲೇ ಪರೀಕ್ಷೆ ಮಾಡಿರಿ. ಎರಡು ಸೀಸೆಗಳಲ್ಲಿ ಬೋರ್ ನೀರು ಮತ್ತು ಸಾಫ್ಟ್‌ನರ್ ನೀರನ್ನು ಸಮನಾಗಿ ತುಂಬಿ, ತುರಿದ ಸಾಬೂನು ಸಮನಾಗಿ ಹಾಕಿ ಕುಲುಕಿರಿ. ನೊರೆಯಲ್ಲಿ ವ್ಯತ್ಯಾಸವಿಲ್ಲದಿದ್ದರೆ ಮಣಿಗಳು ದಣಿದಿವೆ ಎಂದರ್ಥ. ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ ಈ ಪರೀಕ್ಷೆಗೆ ಬೇಡ; ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ.

4. ಮಣ್ಣು, ಕಬ್ಬಿಣದ ಅಂಶ ಮಣಿಗಳನ್ನು ಕೆಡಿಸುತ್ತವೆ. ಮೊದಲೇ ಒಂದು ಫಿಲ್ಟರ್ ಇರಲಿ. ಅದನ್ನು ಕಾಲಕಾಲಕ್ಕೆ ಶುಚಿಮಾಡಿರಿ. ವಾರಗಟ್ಟಲೆ ಊರಿನಲ್ಲಿಲ್ಲದೆ ಮರಳಿದಾಗ, ನಿಂತ ನೀರನ್ನು ಚೆಲ್ಲಿ ಯಂತ್ರ ತೊಳೆದ ಮೇಲೆ ಬಳಸಿರಿ.

5. ತೊಳೆದ ಉಪ್ಪುನೀರನ್ನು ತೆಂಗಿನ ಬುಡಕ್ಕಾಗಲೀ ಕೈತೋಟಕ್ಕಾಗಲೀ ಬಿಡಬೇಡಿರಿ, ಮಳೆನೀರಿನ ಇಂಗುಗುಂಡಿಗಂತೂ ಖಂಡಿತ ಬೇಡ. ಇಂದು ಇಂಗಿದ ಉಪ್ಪು ನಾಳೆ ನಮ್ಮದೇ ಬೋರಿನಲ್ಲಿ ಮೇಲೆ ಬಂದೀತು.

ಮತ್ತೆ ಕೆಲವು ಮಾತು

ಗಡಸು ನೀರು ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ ಎಂಬ ಹೆದರಿಕೆ ಜನರಲ್ಲಿದೆ. ಅದಕ್ಕೆ ಗಟ್ಟಿಯಾದ ಆಧಾರ ಸಾಲದು. ನೀರನ್ನೇ ಕಡಿಮೆ ಕುಡಿಯುವುದು ಕಲ್ಲಿಗೆ ಹೆಚ್ಚು ದೊಡ್ಡ ಕಾರಣ. ಆಹಾರದಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಕರುಳು ಹೀರುವ ಫ್ಲೋರೈಡ್ ಸ್ವಲ್ಪ ಕಡಿಮೆಯಾಗುತ್ತದೆ. ನಮ್ಮ ಭಾಗ್ಯಕ್ಕೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಮಕ್ಕಳಿಗೆ ಮುದ್ದೆ, ಹಾಲು, ಮೊಸರು ತಪ್ಪಿಸಬೇಡಿರಿ. ಆದರೆ ಇವು ಒಳ್ಳೆಯ ನೀರಿಗೆ ಬದಲಿಯಲ್ಲ.

ಮನೆಗೆ ಸಾವಿರಾರು ರೂಪಾಯಿಯ ಯಂತ್ರ ತರುವವರು ನೀರಿನ ಪರೀಕ್ಷೆಗೆ ಹಿಂದೆಮುಂದೆ ನೋಡಬಾರದು. ಈ ವಾರ ಮನೆಯ ಮಕ್ಕಳನ್ನು ಬೆಳಕಿಗೆ ನಿಲ್ಲಿಸಿ ಅವರ ಹಲ್ಲುಗಳನ್ನೊಮ್ಮೆ ನೋಡಿರಿ. ಪಟ್ಟೆ ಕಂಡರೆ ದಂತವೈದ್ಯರಿಗೆ ತೋರಿಸಿ, ನೀರನ್ನೂ ಪರೀಕ್ಷೆಗೆ ಕೊಡಿರಿ. ದೊಡ್ಡವರ ಹಲ್ಲಿನ ಪಟ್ಟೆ ಅಳಿಸಲಾಗದಿದ್ದರೂ ಅವರ ಬೆನ್ನೆಲುಬನ್ನೂ ಚಿಕ್ಕವರ ಹಲ್ಲನ್ನೂ ಉಳಿಸಲು ಇನ್ನೂ ಕಾಲ ಮಿಂಚಿಲ್ಲ.