ಕೊಳವೆಗಳಿಲ್ಲದ ಆರ್ಗನ್

ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿಗೆ ಹೆಸರಾದ ಊರು. ನೂಲಿನ ಎಳೆಗಳು ಸೇರಿ ಬಟ್ಟೆಯಾಗುವಂತೆ ಸರಳ ಅಲೆಗಳು ಸೇರಿ ವಾದ್ಯದ ನಾದವಾಗುತ್ತದೆ. ಹಾಗಾದರೆ, ದೊಡ್ಡ ಚರ್ಚುಗಳಲ್ಲಿ ಸಾವಿರಾರು ಕೊಳವೆಗಳಿಂದ ನುಡಿಯುವ ಪೈಪ್ ಆರ್ಗನ್ನಿನ ನಾದವನ್ನು ಅಂಥ ಊರಿನ ಶಾಲೆಯ ಕಂಪ್ಯೂಟರಿನಲ್ಲೂ ನೇಯಬಹುದೇ?

ಮೊದಲು ಕೊಳವೆಯನ್ನು ನೋಡೋಣ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 34 ಸೆಂಟಿಮೀಟರ್ ಉದ್ದದ, ಎರಡೂ ತುದಿ ತೆರೆದ ಕೊಳವೆಯ ಮೂಲ ಆವೃತ್ತಿ ಸುಮಾರು 500 ಹರ್ಟ್ಸ್. ಅದರ ಜೊತೆಗೆ 1000, 1500, 2000 ಹರ್ಟ್ಸ್‌ಗಳ ಹಾರ್ಮಾನಿಕ್‌ಗಳೂ ಇರುತ್ತವೆ. ಒಂದು ತುದಿ ಮುಚ್ಚಿದರೆ ಮೂಲ ಆವೃತ್ತಿ 250ಕ್ಕೆ ಇಳಿಯುತ್ತದೆ. ಜೊತೆಗೆ 750, 1250 ಹೀಗೆ ಬೆಸ ಗುಣಕಗಳು ಮಾತ್ರ ಪ್ರಬಲವಾಗಿರುತ್ತವೆ. ತುದಿಯಾಚೆಯ ಗಾಳಿಯೂ ಕಂಪಿಸುವುದರಿಂದ ಅಳೆದಾಗ ಸಿಗುವ ಆವೃತ್ತಿ ತುಸು ಕಡಿಮೆ. ಯಾವ ಹಾರ್ಮಾನಿಕ್ ಎಷ್ಟು ಪ್ರಬಲ ಎಂಬುದೇ ನಾದಗುಣವನ್ನು ನಿರ್ಧರಿಸುತ್ತದೆ.

ತಂತ್ರಾಂಶಕ್ಕೆ ಎರಡು ದಾರಿಗಳಿವೆ. ಒಂದು, ಸೈನ್ ಅಲೆಗಳನ್ನು ಕೂಡುವುದು. 1935ರಲ್ಲಿ ಮಾರುಕಟ್ಟೆಗೆ ಬಂದ ಹ್ಯಾಮಂಡ್ ಆರ್ಗನ್ ತಿರುಗುವ ಚಕ್ರಗಳಿಂದ ಇದನ್ನೇ ಮಾಡುತ್ತಿತ್ತು. ಇಂದು 'ಏಯೋಲಸ್' ಎಂಬ ಉಚಿತ ತಂತ್ರಾಂಶ ಲೆಕ್ಕಾಚಾರದಿಂದ ಮಾಡುತ್ತದೆ. ಇನ್ನೊಂದು, ನಿಜವಾದ ಕೊಳವೆಗಳ ನಾದವನ್ನು ಒಂದೊಂದಾಗಿ ಧ್ವನಿಮುದ್ರಿಸಿ ಬಳಸುವುದು. 'ಗ್ರ್ಯಾಂಡ್‌ಆರ್ಗ್' ಈ ಬಗೆಯ ಉಚಿತ ತಂತ್ರಾಂಶ. ಇದಕ್ಕೆ ಜಾಗ ಹೆಚ್ಚು ಬೇಕು. ಸೆಕೆಂಡಿಗೆ 44,100 ಮಾದರಿ, 16 ಬಿಟ್, ಎರಡು ವಾಹಿನಿ ಎಂದರೆ 10 ಸೆಕೆಂಡಿಗೆ ಸುಮಾರು 17.6 ಲಕ್ಷ ಬೈಟ್. 2000 ಕೊಳವೆಗಳಿಗೆ ಸುಮಾರು 3.5 ಗಿಗಾಬೈಟ್!

ಕೂಡುವ ದಾರಿಯೇ ಅಗ್ಗವಲ್ಲವೇ? ಹೌದು. ಆದರೆ ಹಾರ್ಮಾನಿಕ್‌ಗಳ ಪ್ರಮಾಣ ಸರಿಯಿದ್ದರೂ ನಾದ ನಿರ್ಜೀವವೆನಿಸಬಹುದು. ಕೊಳವೆಗೆ ಗಾಳಿ ನುಗ್ಗಿದ ಕೂಡಲೇ ನಾದ ಸ್ಥಿರವಾಗುವುದಿಲ್ಲ. ಮೊದಲು ಗಾಳಿಯ 'ಸುಸ್' ಸದ್ದು; ಆಮೇಲೆ ಒಂದೊಂದು ಹಾರ್ಮಾನಿಕ್ ಒಂದೊಂದು ವೇಗದಲ್ಲಿ ಬಲಗೊಳ್ಳುತ್ತದೆ. ಕ್ಷಣಾರ್ಧದ ಈ ಆರಂಭದಿಂದಲೇ ಕಿವಿ ವಾದ್ಯವನ್ನು ಬಹುಮಟ್ಟಿಗೆ ಗುರುತಿಸುತ್ತದೆ. ಆದ್ದರಿಂದಲೇ ಏಯೋಲಸ್‌ನಲ್ಲಿ ಪ್ರತಿ ಹಾರ್ಮಾನಿಕ್‌ನ ಆರಂಭದ ಅವಧಿಯನ್ನೂ ಬೇರೆಬೇರೆಯಾಗಿ ನಿಗದಿಪಡಿಸಬಹುದು.

ತರಗತಿಯಲ್ಲಿ ಇದನ್ನು ಪರೀಕ್ಷಿಸಿ. 'ಆಡಾಸಿಟಿ' ಎಂಬ ಉಚಿತ ತಂತ್ರಾಂಶದಲ್ಲಿ 250, 750, 1250 ಹರ್ಟ್ಸ್‌ಗಳ ಅಲೆಗಳನ್ನು 0.5, 0.15, 0.08 ಪಾರಗಳಲ್ಲಿ ಬೇರೆಬೇರೆ ಪಟ್ಟಿಗಳಲ್ಲಿ ರಚಿಸಿ, ಒಟ್ಟಿಗೆ ಕೇಳಿ. ಬಳಿಕ ಕೊಳಲಿನ ಒಂದು ದೀರ್ಘ ಸ್ವರವನ್ನು ಧ್ವನಿಮುದ್ರಿಸಿ, ಆರಂಭದ ತುಣುಕನ್ನು ಕತ್ತರಿಸಿ ಗೆಳೆಯರಿಗೆ ಕೇಳಿಸಿ. ಅದು ಕೊಳಲೆಂದು ಎಷ್ಟು ಮಂದಿ ಹೇಳಬಲ್ಲರು?