ಕಾಣದ ಪಾರ್ಟಿಷನ್ನಿನ ಜಾಡು ಹಿಡಿದು

ಪ್ರತಿ ತಿಂಗಳ ಎರಡನೇ ಮಂಗಳವಾರ ವಿಂಡೋಸ್‌ಗೆ ಭದ್ರತಾ ಅಪ್‌ಡೇಟ್‌ಗಳನ್ನು ಬಿಡುಗಡೆ ಮಾಡುವ ರೂಢಿಯನ್ನು ಮೈಕ್ರೋಸಾಫ್ಟ್ 2003ರಿಂದ ಪಾಲಿಸಿಕೊಂಡು ಬಂದಿದೆ. 2024ರ ಜನವರಿ 9 ಅಂಥದೊಂದು ಮಂಗಳವಾರ. ಅಂದು ವಿಂಡೋಸ್ 10ಕ್ಕೆ ಬಂದ ಅಪ್‌ಡೇಟ್‌ಗಳಲ್ಲಿ ಒಂದರ ಹೆಸರು ಕೆಬಿ5034441. ಮನೆಮನೆಯ ಕಂಪ್ಯೂಟರುಗಳಲ್ಲಿ ಅದು ಡೌನ್‌ಲೋಡ್ ಆಯಿತು, ಇನ್‌ಸ್ಟಾಲ್ ಆಗತೊಡಗಿತು, ಆಮೇಲೆ 0ಎಕ್ಸ್80070643 ಎಂಬ ಸಂಖ್ಯೆ ತೋರಿಸಿ ನಿಂತುಬಿಟ್ಟಿತು. ರೀಟ್ರೈ ಒತ್ತಿದರೆ ಮತ್ತೆ ಅದೇ ಸಂಖ್ಯೆ. ರೀಸ್ಟಾರ್ಟ್ ಮಾಡಿದರೂ ಅಷ್ಟೇ.

ಕೆಟ್ಟ ಅಪ್‌ಡೇಟನ್ನು ಸರಿಪಡಿಸುವವರ ಕಸುಬನ್ನು ಪರಿಚಯಿಸಲು ನಾನು ಈ ಒಂದು ಪ್ರಕರಣವನ್ನೇ ಆರಿಸಿಕೊಂಡಿದ್ದೇನೆ. ಕೀಬೋರ್ಡಿನ ಮೇಲೆ ಚಕಚಕನೆ ಬೆರಳಾಡಿಸುವುದು ನೋಡುವವರ ಕಣ್ಣಿಗೆ ಬೀಳುತ್ತದೆ. ನನಗೆ ಗೌರವ ಹುಟ್ಟಿಸುವುದು ಅದಕ್ಕೂ ಮೊದಲಿನ ಹೊತ್ತು. ಆಗ ಅವರು ಏನನ್ನೂ ಮುಟ್ಟದೆ ಸುಮ್ಮನೆ ಓದುತ್ತ ಕೂತಿರುತ್ತಾರೆ.

ಓದುವುದು ಮೊದಲು ಆ ಸಂಖ್ಯೆಯನ್ನು. ನಮಗದು ಅಂಕೆಗಳ ಗೋಜಲು; ಬಲ್ಲವರು ಬಿಡಿಸಿ ಓದುತ್ತಾರೆ. ಆರಂಭದ 8 ಎಂದರೆ ಕೆಲಸ ವಿಫಲವಾಗಿದೆ. ನಂತರದ 007, ದೂರು ವಿನ್32 ಎಂಬ ವಿಭಾಗದ್ದೆಂದು ಹೇಳುತ್ತದೆ. ಕಾರಣ ಅಡಗಿರುವುದು ಕೊನೆಯ ನಾಲ್ಕು ಸ್ಥಾನಗಳಲ್ಲಿ. ಅದನ್ನು ಹದಿನಾರರ ಎಣಿಕೆಯಲ್ಲಿ ಬರೆದಿರುತ್ತಾರೆ. 0005 ಇದ್ದರೆ ಅನುಮತಿ ಸಿಗಲಿಲ್ಲ. 0002 ಇದ್ದರೆ ಬೇಕಾದ ಫೈಲು ಸಿಗಲಿಲ್ಲ. 0070 ಎಂದರೆ ನಮ್ಮ ಎಣಿಕೆಯ 112, ಡಿಸ್ಕಿನಲ್ಲಿ ಜಾಗ ಸಾಲದು. ನಮ್ಮ ಪ್ರಕರಣದ 0643 ಎಂದರೆ 1603, ಇನ್‌ಸ್ಟಾಲ್ ಮಾಡುವಾಗ ಮಾರಕ ದೋಷ. ಅಷ್ಟು ಕಷ್ಟಪಟ್ಟು ಬಿಡಿಸಿದ ಮೇಲೆ ಸಿಕ್ಕಿದ್ದು ಇನ್‌ಸ್ಟಾಲ್ ಆಗಲಿಲ್ಲ ಎಂಬ ಮಾತು ಮಾತ್ರ. ಅದು ನಮಗೆ ಮೊದಲೇ ಗೊತ್ತಿತ್ತು.

ಇಲ್ಲಿಂದ ಮುಂದೆ ಹೆಚ್ಚಿನವರು ಹಿಡಿಯುವ ದಾರಿ ಸಿದ್ಧೌಷಧಗಳದ್ದು. ವಿಂಡೋಸ್ ಅಪ್‌ಡೇಟ್ ಸರ್ವಿಸ್ ನಿಲ್ಲಿಸಿ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಫೋಲ್ಡರಿನ ಹೆಸರು ಬದಲಿಸುವುದು, ಡಿಐಎಸ್‌ಎಂ ಓಡಿಸುವುದು, ಎಸ್‌ಎಫ್‌ಸಿ ಓಡಿಸುವುದು. ಇವು ಯಾವುವೂ ಕೆಟ್ಟ ಮದ್ದುಗಳಲ್ಲ. ಮೊದಲನೆಯದು ಅರೆಬರೆ ಇಳಿದ ಡೌನ್‌ಲೋಡನ್ನು ಪಕ್ಕಕ್ಕಿಟ್ಟು ಹೊಸದಾಗಿ ತರಿಸುತ್ತದೆ. ಎಸ್‌ಎಫ್‌ಸಿ, ವಿಂಡೋಸ್ ತನ್ನೊಳಗೆ ಇಟ್ಟುಕೊಂಡ ಮೂಲ ಪ್ರತಿಗಳ ಜೊತೆ ಹೋಲಿಸಿ ಕೆಟ್ಟ ಸಿಸ್ಟಂ ಫೈಲುಗಳನ್ನು ಬದಲಿಸುತ್ತದೆ. ಆ ಮೂಲ ಪ್ರತಿಗಳೇ ಕೆಟ್ಟಿದ್ದರೆ ಸರಿಮಾಡುವುದು ಡಿಐಎಸ್‌ಎಂ. ಹಾಗಾಗಿ ಎರಡೂ ಬೇಕಾದಾಗ ಡಿಐಎಸ್‌ಎಂ ಮೊದಲು, ಎಸ್‌ಎಫ್‌ಸಿ ಆಮೇಲೆ. ಯಾವುದೂ ನಾಟದಿದ್ದರೆ ಕೊನೆಯ ಮಾತು ನಮ್ಮೂರುಗಳ ಅಂಗಡಿಗಳಲ್ಲಿ ಎಲ್ಲರೂ ಕೇಳಿದ್ದೇ: ‘ಫಾರ್ಮ್ಯಾಟ್ ಮಾಡ್ಬೇಕಾಗುತ್ತೆ ಸಾರ್.’

ಫಾರ್ಮ್ಯಾಟ್ ಮಾಡಿದರೆ ಕಂಪ್ಯೂಟರೇನೋ ಹೊಸದಾಗುತ್ತದೆ. ಡೆಸ್ಕ್‌ಟಾಪಿನ ಮೇಲೇ ಗುಡ್ಡೆ ಹಾಕಿಟ್ಟಿದ್ದ ಫೋಟೋಗಳು ಏನಾದವು? ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಅಪ್ಪ ಟೈಪ್ ಮಾಡಿಟ್ಟ ಕಡತಗಳು ಪೆನ್‌ಡ್ರೈವಿನಲ್ಲಿ ಉಳಿದುಕೊಂಡರೂ, ಆ ಫಾಂಟುಗಳನ್ನು ಮತ್ತೆ ಹಾಕುವತನಕ ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಕಾರಣ ತಿಳಿಯುವ ಮೊದಲೇ ಎಲ್ಲವನ್ನೂ ಅಳಿಸಿಬಿಡುವ ರಿಪೇರಿಯನ್ನು ರಿಪೇರಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನುರಿತವರು ಈ ಹಂತದಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸುತ್ತಾರೆ. ಅಪ್‌ಡೇಟ್ ಹಿಸ್ಟರಿಯಲ್ಲಿ ಕೆಬಿ5034441 ಸೋತಿದೆ, ನಿಜ. ಆದರೆ ಅದೇ ದಿನ ಬಿಡುಗಡೆಯಾದ ಜನವರಿಯ ಮುಖ್ಯ ಅಪ್‌ಡೇಟ್ ಕೆಬಿ5034122 ಅದೇ ಯಂತ್ರದಲ್ಲಿ ಸರಾಗವಾಗಿ ಇನ್‌ಸ್ಟಾಲ್ ಆಗಿದೆ. ಅಂದಮೇಲೆ ಇಂಟರ್ನೆಟ್ ಸರಿಯಿದೆ, ಡೌನ್‌ಲೋಡ್ ಸರಿಯಿದೆ, ಫೈಲುಗಳನ್ನು ಜಾಗಕ್ಕೆ ಕೂರಿಸುವ ಯಂತ್ರಾಂಗವೂ ಗಟ್ಟಿಯಾಗಿದೆ. ಮೇಲಿನ ಮೂರು ಮದ್ದುಗಳೂ ಈ ಒಂದೇ ತರ್ಕಕ್ಕೆ ಬಿದ್ದುಹೋದವು. ಉಳಿಯುವುದು ಒಂದೇ ಪ್ರಶ್ನೆ: ಬೇರೆ ಅಪ್‌ಡೇಟ್‌ಗಳು ಮುಟ್ಟದ ಯಾವುದನ್ನು ಇದು ಮುಟ್ಟಲು ಬಂದಿದೆ? ಈ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಡೀ ಕಸುಬಿನ ಜೀವ ಎಂದು ನನ್ನ ನಂಬಿಕೆ.

ಉತ್ತರ ಅಪ್‌ಡೇಟ್ ಜೊತೆಗಿನ ವಿವರಣೆಯಲ್ಲೇ ಇದೆ. ವಿಂಡೋಸ್ ಏಳಲಾರದೆ ಬಿದ್ದಾಗ ಅದನ್ನು ಎಬ್ಬಿಸಲು ಒಂದು ಪುಟ್ಟ ವಿಂಡೋಸ್ ಬೇರೆಯೇ ಇರುತ್ತದೆ, ವಿಂಡೋಸ್ ರಿಕವರಿ ಎನ್ವಿರಾನ್‌ಮೆಂಟ್. ಟ್ರಬಲ್‌ಶೂಟ್ ಎಂದು ಬರೆದ ನೀಲಿ ತೆರೆ ಅದರದ್ದೇ. ಕಂಪ್ಯೂಟರನ್ನು ಕೈಗೆತ್ತಿಕೊಂಡ ಅಪರಿಚಿತನೊಬ್ಬ ಈ ಪುಟ್ಟ ವಿಂಡೋಸ್‌ನ ಮೂಲಕ ಡಿಸ್ಕಿಗೆ ಬೀಗ ಹಾಕಿಡುವ ಬಿಟ್‌ಲಾಕರ್ ರಕ್ಷಣೆಯನ್ನು ದಾಟಿ ಒಳಗಿನ ದತ್ತಾಂಶವನ್ನು ಓದಬಹುದಾದ ಲೋಪವೊಂದು ಪತ್ತೆಯಾಗಿತ್ತು. ಅದನ್ನು ಮುಚ್ಚಲು ಬಂದದ್ದು ಈ ಅಪ್‌ಡೇಟ್. ಆ ಪುಟ್ಟ ವಿಂಡೋಸ್ ಸಾಮಾನ್ಯವಾಗಿ ಇರುವುದು ಡಿಸ್ಕಿನಲ್ಲಿ ಬೇರೆಯಾಗಿ ವಿಂಗಡಿಸಿಟ್ಟ ಭಾಗವೊಂದರಲ್ಲಿ, ಅಂದರೆ ರಿಕವರಿ ಪಾರ್ಟಿಷನ್ನಿನಲ್ಲಿ. ಅಪ್‌ಡೇಟ್‌ಗೆ ಅದರೊಳಗೆ 250 ಎಂಬಿ ಖಾಲಿ ಜಾಗ ಬೇಕಿತ್ತು. ಬಹಳಷ್ಟು ಕಂಪ್ಯೂಟರುಗಳಲ್ಲಿ ಅದು ಇರಲಿಲ್ಲ.

ಜಾಗದ ಕೊರತೆ ಎಂದು ಹೇಳಬೇಕಿದ್ದ ಸಂದೇಶ, ದೋಷ ವರದಿ ಮಾಡುವ ಭಾಗದಲ್ಲೇ ಇದ್ದ ಇನ್ನೊಂದು ತಪ್ಪಿನಿಂದಾಗಿ 0643 ಆಗಿ ಹೊರಬರುತ್ತಿತ್ತು. ಮೈಕ್ರೋಸಾಫ್ಟ್ ಇದನ್ನು ಒಪ್ಪಿಕೊಂಡಿತು. ದಾರಿ ತಪ್ಪಿಸುವ ಸಾಕ್ಷಿಗಳು ಇನ್ನೂ ಇದ್ದವು. ಸಿ ಡ್ರೈವಿನಲ್ಲಿ ನೂರಾರು ಜಿಬಿ ಖಾಲಿ ಕಾಣುತ್ತದೆ; ರಿಕವರಿ ಪಾರ್ಟಿಷನ್‌ಗೆ ಡ್ರೈವ್ ಅಕ್ಷರವೇ ಇಲ್ಲದ್ದರಿಂದ ಎಕ್ಸ್‌ಪ್ಲೋರರ್‌ನಲ್ಲಿ ಅದು ಕಾಣುವುದೇ ಇಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಪಾರ್ಟಿಷನ್ ಕಾಣುತ್ತದೆ, ಆದರೆ ಅದರ ಒಳಗನ್ನು ಓದಲಾರದೆ ನೂರಕ್ಕೆ ನೂರು ಖಾಲಿ ಎಂದು ತೋರಿಸುತ್ತದೆ. ಇಷ್ಟೆಲ್ಲದರ ನಡುವೆಯೂ ಕಾರಣವನ್ನು ಹಿಡಿದವರ ತಾಳ್ಮೆಗೆ ಕೈಮುಗಿಯಬೇಕು.

ಕಾರಣ ಸಿಕ್ಕ ಮೇಲೆ ಕೈಕೆಲಸ. ಅದಕ್ಕೂ ಮುಂಚೆ ಎರಡು ಕೆಲಸಗಳನ್ನು ಒಳ್ಳೆಯ ಕೆಲಸಗಾರ ಎಂದೂ ಬಿಡುವುದಿಲ್ಲ: ಮುಖ್ಯ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳುವುದು, ಬಿಟ್‌ಲಾಕರ್ ಇದ್ದರೆ ಅದರ 48 ಅಂಕೆಗಳ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳುವುದು. ಆಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ರಿಏಜೆಂಟ್‌ಸಿ ಎಂಬ ಆಜ್ಞೆಗೆ ಇನ್ಫೋ ಸೇರಿಸಿ ಕೊಡುತ್ತಾರೆ. ಪುಟ್ಟ ವಿಂಡೋಸ್ ಯಾವ ಡಿಸ್ಕಿನ ಯಾವ ಪಾರ್ಟಿಷನ್ನಿನಲ್ಲಿದೆ ಎಂಬುದನ್ನು ಅದು ಹೇಳುತ್ತದೆ. ಡಿಸ್ಕಿನ ಎಣಿಕೆ ಸೊನ್ನೆಯಿಂದ, ಪಾರ್ಟಿಷನ್ನಿನದು ಒಂದರಿಂದ. ಈ ವ್ಯತ್ಯಾಸ ಗೊತ್ತಿರದವರು ಬೇರೆಯದಕ್ಕೆ ಕೈಹಾಕಬಹುದು. ಲ್ಯಾಪ್‌ಟಾಪ್ ತಯಾರಕರು ತಮ್ಮದೇ ಇನ್ನೊಂದು ರಿಕವರಿ ಪಾರ್ಟಿಷನ್ ಇಟ್ಟಿರುವುದೂ ಉಂಟು; ಅದು ಬೇರೆ, ಅದನ್ನು ಮುಟ್ಟಬಾರದು.

ಮುಂದಿನ ಆಜ್ಞೆ ರಿಏಜೆಂಟ್‌ಸಿ ಡಿಸೇಬಲ್. ಇದರಿಂದ ಪುಟ್ಟ ವಿಂಡೋಸನ್ನು ಹೊತ್ತ ವಿನ್‌ಆರ್‌ಇ ಎಂಬ ದೊಡ್ಡ ಫೈಲು ರಿಕವರಿ ಪಾರ್ಟಿಷನ್ ಬಿಟ್ಟು ಸಿ ಡ್ರೈವಿನ ಸಿಸ್ಟಂ32 ಒಳಗಿನ ರಿಕವರಿ ಫೋಲ್ಡರಿಗೆ ಬಂದು ಕೂರುತ್ತದೆ. ಅನುಭವಿಗಳು ಇಲ್ಲಿ ನಿಂತು, ಫೈಲು ನಿಜಕ್ಕೂ ಬಂದಿದೆಯೇ ಎಂದು ಕಣ್ಣಾರೆ ನೋಡುತ್ತಾರೆ. ಬಂದಿಲ್ಲದೆ ಮುಂದುವರಿದರೆ ಇರುವ ಒಂದೇ ಪ್ರತಿಯೂ ಪಾರ್ಟಿಷನ್ನಿನ ಜೊತೆ ಅಳಿಸಿಹೋಗುತ್ತದೆ.

ಈಗ ಡಿಸ್ಕ್‌ಪಾರ್ಟ್. ಇದು ಬಹಳ ನಿಷ್ಠುರವಾದ ಉಪಕರಣ. ಅಳಿಸು ಎಂದರೆ ‘ನಿಜವಾಗಿಯೂ?’ ಎಂದು ಕೇಳದೆ ಅಳಿಸುತ್ತದೆ. ಸಿ ಡ್ರೈವನ್ನು ಆರಿಸಿ 250 ಎಂಬಿಯಷ್ಟು ಕುಗ್ಗಿಸಬೇಕು. ಪಾರ್ಟಿಷನ್ನುಗಳು ಒಂದೇ ಸಾಲಿನ ಸೈಟುಗಳಿದ್ದ ಹಾಗೆ. ಪಕ್ಕದ ಸೈಟಿನವರು ಬಿಟ್ಟುಕೊಟ್ಟ ಜಾಗ, ಬೇಲಿ ತಾಗಿಕೊಂಡಿದ್ದರಷ್ಟೇ ನಮಗೆ ಉಪಯೋಗಕ್ಕೆ ಬರುತ್ತದೆ. ಸಿ ಡ್ರೈವ್ ಕುಗ್ಗಿದಾಗ ಜಾಗ ಬಿಡುವುದು ಅದರ ಕೊನೆಯಲ್ಲಿ. ಸಿ ಆದ ಕೂಡಲೇ ರಿಕವರಿ ಇದ್ದರೆ, ಹಳೆಯದನ್ನು ಅಳಿಸಿ, ಎರಡೂ ಜಾಗ ಸೇರಿಸಿ ದೊಡ್ಡದಾಗಿ ಮತ್ತೆ ಕಟ್ಟಬಹುದು. ವಿಂಡೋಸ್ 10ರ ಹಳೆಯ ಆವೃತ್ತಿಗಳು ರಿಕವರಿಯನ್ನು ಸಿಗೆ ಮುಂಚೆ, ಡಿಸ್ಕಿನ ಆರಂಭದಲ್ಲೇ ಇಡುತ್ತಿದ್ದವು. ಅಂಥ ಕಡೆ 250 ಎಂಬಿ ಸಾಲದು. ಸಿ ಹಿಂದೆ ಹೊಸದನ್ನು ಪೂರ್ತಿಯಾಗಿ ಕಟ್ಟುವಷ್ಟು ಜಾಗ ಬಿಡಿಸಬೇಕು.

ಹೊಸ ಪಾರ್ಟಿಷನ್ ಕಟ್ಟುವಾಗ, ಡಿಸ್ಕು ಜಿಪಿಟಿ ಬಗೆಯದಾಗಿದ್ದರೆ 32 ಸ್ಥಾನಗಳ ಗುರುತುಸಂಖ್ಯೆಯೊಂದನ್ನು ಕೊಡಬೇಕು. ಹಳೆಯ ಎಂಬಿಆರ್ ಆದರೆ 27 ಎಂದರೆ ಸಾಕು. ಅಂಕೆ ತಪ್ಪಿದರೆ ಇದು ರಿಕವರಿಗೆ ಮೀಸಲಾದ ಜಾಗವೆಂದು ವಿಂಡೋಸ್‌ಗೆ ತಿಳಿಯುವುದಿಲ್ಲ. ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ, ಡಿಸ್ಕ್‌ಪಾರ್ಟ್‌ನಿಂದ ಹೊರಬಂದು, ರಿಏಜೆಂಟ್‌ಸಿ ಎನೇಬಲ್ ಕೊಟ್ಟರೆ ಪುಟ್ಟ ವಿಂಡೋಸ್ ಹೊಸ ಮನೆ ಸೇರುತ್ತದೆ. ಆಮೇಲೆ ಅಪ್‌ಡೇಟ್‌ನ ರೀಟ್ರೈ ಒತ್ತುವುದು.

ರಿಕವರಿ ಪಾರ್ಟಿಷನ್ ಇಲ್ಲವೇ ಇಲ್ಲದ ಕೆಲವು ಕಂಪ್ಯೂಟರುಗಳಿಗೂ ಇದೇ ಅಪ್‌ಡೇಟ್ ಬಂದು ಇದೇ ಸಂಖ್ಯೆ ತೋರಿಸಿತು. ಆ ಪುಟ್ಟ ವಿಂಡೋಸೇ ಚಾಲನೆಯಲ್ಲಿಲ್ಲದ ಯಂತ್ರಕ್ಕೆ ಈ ಅಪ್‌ಡೇಟ್ ಬೇಕಿಲ್ಲ, ದೋಷವನ್ನು ಕಡೆಗಣಿಸಬಹುದು ಎಂದು ಮೈಕ್ರೋಸಾಫ್ಟ್ ಹೇಳಿತು. ಇದನ್ನು ತಿಳಿದು, ಡಿಸ್ಕ್‌ಪಾರ್ಟ್ ತೆರೆಯದೆ, ‘ಇದಕ್ಕೇನೂ ಮಾಡಬೇಕಿಲ್ಲ, ಹೀಗೇ ಇರಲಿ’ ಎಂದು ಗಿರಾಕಿಗೆ ಹೇಳಿ ಕಳಿಸಿದವರ ಕೆಲಸವನ್ನೂ ನಾನು ದುರಸ್ತಿಯ ಲೆಕ್ಕದಲ್ಲೇ ಸೇರಿಸುತ್ತೇನೆ. ಕೆಲವು ತಿಂಗಳ ನಂತರ ಮೈಕ್ರೋಸಾಫ್ಟ್, ಇದನ್ನು ತಾನಾಗಿಯೇ ಸರಿಪಡಿಸುವ ಅಪ್‌ಡೇಟ್ ಬರುವುದಿಲ್ಲ ಎಂದೂ ತಿಳಿಸಿತು. ಜಾಗ ಹಿಗ್ಗಿಸುವ ಕೆಲಸ ಕೈಯಿಂದಲೇ ಆಗಬೇಕಾಯಿತು.

ಅಪ್‌ಡೇಟ್ ಯಶಸ್ವಿ ಎಂದು ಬಂದ ಮೇಲೂ ಒಂದು ಪರೀಕ್ಷೆ ಉಳಿದಿರುತ್ತದೆ. ರಿಏಜೆಂಟ್‌ಸಿ ಇನ್ಫೋ ಮತ್ತೊಮ್ಮೆ ಕೊಟ್ಟು ಎನೇಬಲ್ಡ್ ಎಂದಿದೆಯೇ ನೋಡಬೇಕು. ಶಿಫ್ಟ್ ಕೀ ಒತ್ತಿಹಿಡಿದು ರೀಸ್ಟಾರ್ಟ್ ಮಾಡಿ, ನೀಲಿ ತೆರೆಯಲ್ಲಿ ಟ್ರಬಲ್‌ಶೂಟ್ ಆರಿಸಿದರೆ ಒಳಗಿನ ಸಲಕರಣೆಗಳು ಸರಿಯಾಗಿ ತೆರೆದುಕೊಳ್ಳುತ್ತವೆಯೇ ಎಂದು ಪರೀಕ್ಷಿಸಬೇಕು. ತೆರೆದುಕೊಂಡರೆ ಹಿಂದಕ್ಕೆ ಬಂದು ಕಂಟಿನ್ಯೂ ಒತ್ತಿ, ಕಂಪ್ಯೂಟರನ್ನು ಮನೆಯವರ ಕೈಗೆ ಕೊಡಬಹುದು.